ಬಾಲ ಬಿಟ್ಟು ಅಳತೆ

ಅವರ ಕೊರಳಲ್ಲಿ ಜೋತಾಡುತ್ತಿದ್ದ ಅಳತೆಪಟ್ಟಿಯ ಹದಿನಾಲ್ಕನೆಯ ಇಂಚಿನ ಹತ್ತಿರ ಯಾವಾಗಲೂ ಒಂದು ನೊಣ ಕೂತಿರುತ್ತಿತ್ತು. ಕಂದು ಮೈ, ಬೂದು ರೆಕ್ಕೆ, ಹಿಂದಕ್ಕೆ ಚಾಚಿದ ಎರಡೆಳೆ ಬಾಲ. ಮೊದಲ ಸಲ ನೋಡಿದಾಗ, ಪಾಪ, ಕೆಲಸದ ಗಡಿಬಿಡಿಯಲ್ಲಿ ಇವರಿಗೆ ಗೊತ್ತಾಗಿಲ್ಲ ಎಂದುಕೊಂಡು ಕೈ ಬೀಸಿ ಓಡಿಸಲು ಹೋದೆ. ಅದು ಹಾರಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಹೊಡೆದೆ. ಬೆರಳಿಗೆ ಚುಚ್ಚಿ ರಕ್ತ ಬಂತು. ಅವರು ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, "ಅದು ನನ್ನದೇ ಮಾರಾಯ್ರೆ. ಸಾಕಿದ್ದು," ಎಂದರು.

ಮಸ್ಕತ್ತಿನ ಪಕ್ಕದ ಅಲ್ ಮವಾಲೇಹ್‌ನಲ್ಲಿ, ತರಕಾರಿ ಮಾರುಕಟ್ಟೆಗೆ ಹತ್ತಿರವಿರುವ ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅವರ ಹೊಲಿಗೆ ಅಂಗಡಿ ಇತ್ತು. ಕರಾವಳಿಯವರು, ಮನೆಮಾತು ತುಳು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇಲ್ಲಿಯ ಗಂಡಸರಿಗೆ ದಿಶ್‌ದಾಶಾ ಹೊಲಿದವರು. ಪಾದದವರೆಗೆ ಇಳಿಯುವ ಆ ನಿಲುವಂಗಿಯ ಕೊರಳಲ್ಲಿ ಒಂದು ಪುಟ್ಟ ಕುಚ್ಚು ಇಳಿಬಿಡುತ್ತಾರೆ, ಅದಕ್ಕೆ ಅತ್ತರು ಸವರಿಕೊಳ್ಳುತ್ತಾರೆ. ಆ ಕುಚ್ಚು ಕಟ್ಟಿ ಉಳಿದ ರೇಷ್ಮೆ ದಾರದ ತುಣುಕುಗಳಿಂದಲೇ ಅವರ ನೊಣಗಳು ಹುಟ್ಟುತ್ತಿದ್ದವು. ಸಣ್ಣ ಗಾಳಕ್ಕೆ ದಾರ ಸುತ್ತಿ, ಕೋಳಿಯ ಕುತ್ತಿಗೆಯ ಗರಿ ಸೇರಿಸಿ, ಗಾಳದ ಒಳಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿಬಿಟ್ಟರೆ ನೊಣ ತಯಾರು. "ಅತ್ತರು ಮುಟ್ಟಿದ ದಾರ ಆಗುದಿಲ್ಲ. ಮೀನಿಗೂ ಮೂಗುಂಟು," ಎನ್ನುತ್ತಿದ್ದರು. ಕಟಿಂಗ್ ಮಾಸ್ಟರ್ ಆದ್ದರಿಂದ ಇಡೀ ಕಟ್ಟಡಕ್ಕೆ ಅವರು ಮಾಸ್ಟ್ರು. ನನಗೂ ಹಾಗೆಯೇ.

ನಾನು ಅವರ ಅಂಗಡಿಗೆ ಬಟ್ಟೆ ಹೊಲಿಸಲು ಹೋದವನಲ್ಲ. ಲಿಫ್ಟ್ ಕೆಟ್ಟಿತ್ತು ಎಂದು ಹೋಗಿ ಕೂತವನು. ಅದಕ್ಕೂ ನಾಲ್ಕು ತಿಂಗಳ ಮೊದಲು ನನ್ನ ಎದೆಯೊಳಗೆ ಒಂದು ಸ್ಟೆಂಟ್ ಇಟ್ಟಿದ್ದರು. ಡಾಕ್ಟರು, "ನಡೀರಿ, ಮೆಟ್ಟಿಲು ಹತ್ತಿ, ಬೆಟ್ಟ ಬೇಕಾದ್ರೂ ಹತ್ತಿ," ಎಂದಿದ್ದರು. ನಾನು ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಉತ್ತರ ಬಂತು, ಮೂರು ಸಲವೂ ನಂಬಲಿಲ್ಲ. ಕಚೇರಿಯಲ್ಲಿ ಏಸಿ ಗಾಳಿ ಹೋಗುವ ಕೊಳವೆಗಳ ನಕ್ಷೆ ತೆಗೆಯುವುದು ನನ್ನ ಕೆಲಸ. ಎಲ್ಲಿ ಕಟ್ಟಿಕೊಂಡೀತು, ಎಲ್ಲಿ ಒತ್ತಡ ಹೆಚ್ಚೀತು ಎಂದು ಇಪ್ಪತ್ತು ವರ್ಷ ಯೋಚಿಸಿದವನಿಗೆ ತನ್ನದೇ ಎದೆಯ ಕೊಳವೆಯ ಬಗ್ಗೆ ಧೈರ್ಯ ಹೇಳುವುದು ಯಾರಿಂದಲೂ ಆಗದ ಮಾತು. ಬಲಗೈಯ ಎರಡು ಬೆರಳು ಸದಾ ಎಡಗೈಯ ನಾಡಿಯ ಮೇಲೆ. ಮೀಟಿಂಗಿನಲ್ಲಿ, ಊಟದ ನಡುವೆ, ಟಿವಿ ನೋಡುವಾಗ ಎಣಿಸುತ್ತಲೇ ಇರುತ್ತಿದ್ದೆ. ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ. ಆ ಶುಕ್ರವಾರ ಮಧ್ಯಾಹ್ನ ಲಿಫ್ಟ್ ನಿಂತಾಗ, ರಿಪೇರಿಯವನು ಬರುವವರೆಗೆ ಮೂರು ಗಂಟೆ ಮಾಸ್ಟ್ರ ಸ್ಟೂಲಿನ ಮೇಲೆ ಕೂತೆ.

ಮೊದಲ ಒಂದು ಗಂಟೆ ಅವರು ಬಟ್ಟೆ ಕತ್ತರಿಸುತ್ತಲೇ ಇದ್ದರು. ಆಮೇಲೆ ಕತ್ತರಿ ಕೆಳಗಿಟ್ಟು, "ಎರಡು ಮಾಳಿಗೆ ಮಾರಾಯ್ರೆ. ನಿಮಗೆ ಎಂಥ, ಹಿಮಾಲಯ ಕಂಡ ಹಾಗೆ ಕಾಣ್ತದಾ?" ಎಂದು ಕೇಳಿದರು.

"ನಿಮಗೇನು ಮಾಸ್ಟ್ರೇ, ನಿಮ್ಮ ಎದೆ ಗಟ್ಟಿಯಾಗಿದೆ," ಎಂದೆ ಕೋಪದಿಂದ.

"ಎದೆ ಗಟ್ಟಿ ಉಂಟು. ಮಂಡಿ ಇಲ್ಲ," ಎಂದು ಬಲಗಾಲನ್ನು ಮಡಚಿ ತೋರಿಸಿದರು. ಅರ್ಧ ಮಡಚುವಷ್ಟರಲ್ಲಿ ಅದು ಕಟಕ್ಕೆಂದಿತು. "ನಿಮಗೆ ಮಂಡಿ ಉಂಟು. ಕಾರೂ ಉಂಟಲ್ವಾ?"

ಕಾರಿನ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ಅವರಿಗೆ ಕಾಳಜಿ ಇದ್ದದ್ದು ನನ್ನ ಹೃದಯದ ಮೇಲೋ ನನ್ನ ಕಾರಿನ ಮೇಲೋ ಎಂಬ ಅನುಮಾನ ನನಗೆ ಕೊನೆಯವರೆಗೂ ಪೂರ್ತಿ ಹೋಗಲಿಲ್ಲ. ಅದನ್ನು ಅವರಿಗೆ ಹೇಳಿಯೂ ಇದ್ದೆ. "ಎರಡೂ," ಎಂದು ನಕ್ಕಿದ್ದರು.

ಹರೆಯದಲ್ಲಿ ಅವರು ಊಟಿಯಲ್ಲಿ ಉಣ್ಣೆ ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ ಕಲಿತವರು. ಆ ಅಂಗಡಿಯ ಯಜಮಾನರು ಭಾನುವಾರ ಬಾಗಿಲು ಹಾಕಿ, ಇವರನ್ನು ಕರೆದುಕೊಂಡು ಮೂರು ಗಂಟೆ ಗುಡ್ಡ ಹತ್ತಿ, ಮೇಲಿನ ಕೆರೆಯಲ್ಲಿ ಟ್ರೌಟ್ ಹಿಡಿಯುತ್ತಿದ್ದರಂತೆ. ಹುಳ ಸಿಕ್ಕಿಸಿ ಗಾಳ ಮುಳುಗಿಸಿ ಕೂರುವ ಕೆಲಸ ಅದಲ್ಲ. ದಾರದ ನೊಣವನ್ನು ನೀರಿನ ಮೇಲೆ ನಿಜವಾದ ನೊಣ ಬಿದ್ದಷ್ಟೇ ಹಗುರವಾಗಿ ಇಳಿಸಬೇಕು, ಮೀನು ಮೋಸಹೋಗಿ ಮೇಲೆ ಬರಬೇಕು. "ಟ್ರೌಟ್ ಅಂದ್ರೆ ಎಂಥ ಅಂತ ನಿಮಗೆ ಹೇಗೆ ಹೇಳುದು? ಮೈತುಂಬ ಕುಂಕುಮದ ಬೊಟ್ಟು ಇಟ್ಟ ಹಾಗೆ. ಹಿಡಿದ ಮೇಲೆ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ, ಬಿಡದಿದ್ರೆ ನಿದ್ದೆ ಬರುದಿಲ್ಲ." ಯಜಮಾನರು ತೀರಿಕೊಳ್ಳುವ ಮೊದಲು ತಮ್ಮ ಮೂರು ತುಂಡಿನ ಬಿದಿರಿನ ಕೋಲನ್ನು ಇವರಿಗೆ ಕೊಟ್ಟಿದ್ದರು. ಅದರೊಂದಿಗೇ ಇವರು ಒಮಾನಿಗೆ ಬಂದಿಳಿದರು. ವಿಮಾನ ನಿಲ್ದಾಣದಲ್ಲಿ ಇದೇನೆಂದು ಕೇಳಿದ ಅಧಿಕಾರಿಗೆ ಭಾಷೆ ಬಾರದೆ, ಅದರಿಂದಲೇ ಅವನ ತೋಳಿನ ಉದ್ದ ಅಳೆದು ತೋರಿಸಿದರಂತೆ. ಅಧಿಕಾರಿ ಗಜಕೋಲೆಂದು ನಂಬಿ ಬಿಟ್ಟನಂತೆ. ಇದು ಎಷ್ಟು ನಿಜವೋ ಗೊತ್ತಿಲ್ಲ, ನನಗಂತೂ ಹತ್ತು ಸಲ ಹೇಳಿದ್ದಾರೆ.

ಒಮಾನಿನಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಆದರೆ ಬೆಟ್ಟದ ಮಡುಗಳಲ್ಲಿ ಬೆರಳುದ್ದದ, ಹೆಚ್ಚೆಂದರೆ ಗೇಣುದ್ದದ ಕಾಡುಮೀನುಗಳಿವೆ. ಇಷ್ಟು ಒಣ ಬೆಟ್ಟದಲ್ಲಿ ಇವು ಬದುಕಿರುವುದೇ ದೊಡ್ಡ ಸಂಗತಿ ಎಂದು ಮಾಸ್ಟ್ರು ಅವಕ್ಕೆ ಟ್ರೌಟಿನಷ್ಟೇ ಮರ್ಯಾದೆ ಕೊಡುತ್ತಿದ್ದರು. ಹಿಡಿದದ್ದನ್ನು ಒದ್ದೆ ಕೈಯಲ್ಲಿ ಎತ್ತಿ, ಕೊರಳಿನ ಪಟ್ಟಿಯಿಂದ ಅಳೆದು, ನೀರಿಗೆ ಬಿಟ್ಟು, ಸಂಜೆ ಬಂದು ಗಿರಾಕಿಗಳ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತಿದ್ದರು. ಮುಂದಿನ ಪುಟಗಳಲ್ಲಿ ಭುಜ, ತೋಳು, ಎದೆ. ಹಿಂದಿನ ಪುಟಗಳಲ್ಲಿ ಮೂರೂಕಾಲು, ನಾಲ್ಕು, ನಾಲ್ಕೂವರೆ.

ನನ್ನ ಹೆಂಡತಿ ಮೊದಲು ಒಪ್ಪಲಿಲ್ಲ. "ಡಾಕ್ಟ್ರ ಮಾತು ಕೇಳ್ದೆ ಇರೋರು ಟೈಲರ್ ಮಾತು ಕೇಳ್ಕೊಂಡು ಬೆಟ್ಟ ಹತ್ತಕ್ಕೆ ಹೋಗ್ತೀರಾ?" ಎಂದು ಕೇಳಿದಳು. ಆಮೇಲೆ ತಾನೇ ಯೋಚಿಸಿ, "ಹೋಗ್ಬನ್ನಿ. ಮನೇಲಿ ಕೂತು ನಾಡಿ ಎಣಿಸೋದನ್ನ ನೋಡೀ ನೋಡೀ ನನ್ನ ನಾಡಿನೇ ನಿಲ್ಲೋ ಹಾಗಾಗಿದೆ," ಎಂದು ಒಂದು ದೊಡ್ಡ ಕವರು ಕೈಗಿತ್ತಳು. ಒಳಗೆ ಕಡ್ಲೆಪುರಿ. ಮೀನಿರುವ ನೀರು ಎಂದ ಕೂಡಲೆ ನಮ್ಮ ಮೈಸೂರು ಕಡೆಯವರಿಗೆ ನೆನಪಾಗುವುದು ತೀರ್ಥಕ್ಷೇತ್ರದ ಹೊಳೆ, ಅಲ್ಲಿನ ಮೀನಿಗೆ ಹಾಕುವ ಪುರಿ. ನನ್ನ ಆರೋಗ್ಯಕ್ಕಾಗಿ ಅವಳು ಹರಕೆ ಹೊತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಆ ಊರಿನ ಹೆಸರು ಹೇಳುವುದಿಲ್ಲ, ಮಾಸ್ಟ್ರು ಪ್ರಮಾಣ ಮಾಡಿಸಿದ್ದಾರೆ. ಇಬ್ರಿ ಪಟ್ಟಣಕ್ಕೆ ಹೋಗುವ ಹೆದ್ದಾರಿಯಿಂದ ಒಂದು ಕಡೆ ಬಲಕ್ಕೆ ತಿರುಗಬೇಕು, ಅಷ್ಟೇ ಹೇಳಬಲ್ಲೆ. ಹತ್ತಿಪ್ಪತ್ತು ಮನೆ, ಖರ್ಜೂರದ ತೋಟ, ಬೆಟ್ಟದ ನೀರನ್ನು ತೋಟಕ್ಕೆ ತರುವ ಫಲಜ್ ಎಂಬ ಕಿರುಗಾಲುವೆ. ಆ ಕಾಲುವೆ ನೋಡಿಕೊಳ್ಳುವ ಒಬ್ಬ ಅಜ್ಜ ಇದ್ದರು. ಅವರ ದಿಶ್‌ದಾಶಾ ಮಾಸ್ಟ್ರೇ ಹೊಲಿದದ್ದು. ಮೇಲೆ ಹೋಗುವ ಮೊದಲು ಅವರ ಮನೆಯೆದುರು ಕೂತು ಮೂರು ಖರ್ಜೂರ ತಿಂದು, ಪುಟ್ಟ ಬಟ್ಟಲಿನಲ್ಲಿ ಕಹ್ವಾ ಎಂಬ ಅರಬ್ಬಿ ಕಾಫಿ ಕುಡಿದು, ಅನುಮತಿ ಕೇಳಲೇಬೇಕು. ಊರು ಕುಡಿಯುವ ನೀರು ಅದು. ಅಜ್ಜ ಪ್ರತಿ ಸಲವೂ ಬೆರಳು ಎತ್ತಿ ಅದೇ ಮಾತು ಹೇಳುತ್ತಿದ್ದರು: "ಶಬಕ್ ಮಾಫಿ. ಸಾಬೂನ್ ಮಾಫಿ. ಏಕ್ ಏಕ್ ಮಚ್ಛೀ." ಬಲೆ ಇಲ್ಲ, ಸೋಪು ಇಲ್ಲ, ಒಂದೊಂದೇ ಮೀನು. ಹಿಂದೆ ಯಾರೋ ಹೊರಗಿನವರು ಬಲೆ ಬೀಸಿ ಒಂದೇ ದಿನದಲ್ಲಿ ಮಡು ಬರಿದು ಮಾಡಿ ಹೋಗಿದ್ದರಂತೆ.

ಅಲ್ಲಿಂದ ಕೆಳಗಿನ ಮಡುವಿಗೆ ಒಣ ಹೊಳೆಪಾತ್ರದ ಕಲ್ಲುಗಳ ಮೇಲೆ ಒಂದು ಗಂಟೆ ನಡಿಗೆ. ಎರಡೂ ಬದಿಗೆ ಕಣಗಿಲೆ ಹೂಬಿಟ್ಟಿತ್ತು. ನಾನು ಹತ್ತು ಹೆಜ್ಜೆಗೊಮ್ಮೆ ನಿಂತು ನಾಡಿ ಹಿಡಿದೆ. ಮಾಸ್ಟ್ರು ಕಾಲೆಳೆದುಕೊಂಡು ಮುಂದೆ ಹೋಗುತ್ತ, ಹಿಂತಿರುಗಿ ನೋಡದೆ, "ಉಂಟಾ?" ಎಂದು ಕೇಳುತ್ತಿದ್ದರು. "ಇದೆ," ಎನ್ನುತ್ತಿದ್ದೆ. "ಹಾಗಾದ್ರೆ ಬನ್ನಿ."

ಮಡು ಕಂಡಾಗ ನನಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು. ಅಷ್ಟು ಸುಟ್ಟ ಬೆಟ್ಟದ ಮಡಿಲಲ್ಲಿ ಅಷ್ಟು ಹಸಿರು ನೀರು. ಮಾಸ್ಟ್ರು ಬೋರೆ ಮರದ ಕೆಳಗೆ ಕೂತು, ಕೋಲಿನ ತುಂಡುಗಳನ್ನು ಜೋಡಿಸಿ, ಗಾಳದ ಹಗ್ಗ ಪೋಣಿಸಿ, ಕೊರಳಿನ ಪಟ್ಟಿಯಿಂದ ನೊಣ ಬಿಡಿಸಿ ಕಟ್ಟುತ್ತಿದ್ದರು. ಅದಕ್ಕೆ ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ನಾನು ಚಪ್ಪಲಿ ಬಿಚ್ಚಿ, ನೀರಿನ ಅಂಚಿಗೆ ಹೋಗಿ, ಕೈಮುಗಿದು, ಕವರು ಹರಿದು ಇಡೀ ಕಡ್ಲೆಪುರಿಯನ್ನು ಮಡುವಿಗೆ ಸುರಿದೆ.

ನೀರು ಕುದಿದಂತಾಯಿತು. ಎಲ್ಲಿದ್ದವೋ ಅಷ್ಟು ಮೀನು! ನಾನು ಸಂತೋಷದಿಂದ, "ಮಾಸ್ಟ್ರೇ, ಬನ್ನಿ ಬನ್ನಿ, ಎಲ್ಲಾ ಮೇಲೇ ಬಂದ್ಬಿಟ್ಟಿವೆ!" ಎಂದು ಕೂಗಿದೆ.

ಅವರು ಬಂದು ನೋಡಿದರು. ಕೋಲನ್ನು ಮೆಲ್ಲಗೆ ಬಂಡೆಗೆ ಒರಗಿಸಿದರು. ಮೀನುಗಳು ಕೊನೆಯ ಪುರಿಯನ್ನೂ ಮುಗಿಸಿ ತಳಕ್ಕೆ ಇಳಿದವು. ಆಮೇಲೆ ಎರಡು ಗಂಟೆ ಮಾಸ್ಟ್ರು ಕಂದು ನೊಣ, ಕಪ್ಪು ನೊಣ, ಹಳದಿ ನೊಣ ಎಲ್ಲವನ್ನೂ ಇಳಿಸಿದರು. ಒಂದೂ ತಿರುಗಿ ನೋಡಲಿಲ್ಲ.

"ಎಂಥ ಮನುಷ್ಯರು ಮಾರಾಯ್ರೆ ನೀವು!" ಎಂದು ಕೊನೆಗೆ ಸಿಡಿದರು. "ಮದುವೆ ಊಟ ಬಡಿಸಿ, ಕೈ ತೊಳೆಸಿ, ಆಮೇಲೆ ನನ್ನ ಹತ್ರ ತಿಂಡಿಗೆ ಕರೆ ಅಂತೀರಿ! ಇಪ್ಪತ್ತು ವರ್ಷದಿಂದ ಬರ್ತಿದ್ದೇನೆ, ಈ ಮೀನುಗಳಿಗೆ ಹೀಗೆ ಹೊಟ್ಟೆ ತುಂಬಿದ್ದು ನಾನು ನೋಡ್ಲೇ ಇಲ್ಲ!"

ವಾಪಸು ಬರುವಾಗ ಕಾರಿನಲ್ಲಿ ಒಂದು ಗಂಟೆ ಕಳೆದಿತ್ತು. ಇದ್ದಕ್ಕಿದ್ದಂತೆ ಅವರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಂಡಕ್ಕಿ! ಮೂವತ್ತು ತರದ ನೊಣ ಕಟ್ಟಿದೆ ನಾನು, ಮಂಡಕ್ಕಿ ತಲೆಗೆ ಬರ್ಲಿಲ್ಲ ನೋಡಿ!" ಅವರ ಕಡೆ ಕಡ್ಲೆಪುರಿಗೆ ಮಂಡಕ್ಕಿ ಎನ್ನುತ್ತಾರೆ. ಮರುದಿನ ಅಂಗಡಿಗೆ ಹೋದಾಗ ಅಳತೆಪಟ್ಟಿಯ ಹದಿನಾಲ್ಕನೆಯ ಇಂಚಿನಲ್ಲಿ ಒಂದು ಬಿಳಿಯ ಉಂಡೆ ಕೂತಿತ್ತು. ಕುಚ್ಚಿನ ಬಿಳಿ ರೇಷ್ಮೆಯನ್ನು ಬಿಗಿಯಾಗಿ ಸುತ್ತಿ, ಕತ್ತರಿಯಿಂದ ಸಮ ಮಾಡಿದ ಮಂಡಕ್ಕಿ ನೊಣ. ಮುಂದಿನ ಶುಕ್ರವಾರ ಅದು ನೀರು ಮುಟ್ಟುವುದೇ ತಡ, ಮೀನುಗಳು ಒಂದರ ಮೇಲೊಂದು ಬಿದ್ದು ಬಂದವು.

ಆ ಚಳಿಗಾಲವೆಲ್ಲ ಹೋದೆವು. ನಾನು ನಾಡಿ ಹಿಡಿಯುವುದನ್ನು ನೋಡಿ ನೋಡಿ ಅವರಿಗೆ ಬೇಸರ ಬಂದು, "ಆ ಎರಡು ಬೆರಳಿಗೆ ಬೇರೆ ಕೆಲಸ ಕೊಡ್ತೇನೆ," ಎಂದು ಕೋಲನ್ನು ನನ್ನ ಕೈಗೆ ಕೊಟ್ಟರು. ಅದಕ್ಕೂ ಮೊದಲು ಒಂದು ತಿಂಗಳು ಅಂಗಡಿಯಲ್ಲೇ ಅಳತೆಪಟ್ಟಿ ಬೀಸಿ ಅಭ್ಯಾಸ ಮಾಡಿಸಿದ್ದರು. "ಹಿಂದೆ ಬೀಸಿದ ಮೇಲೆ ನಿಲ್ಲಿ. ನಿಲ್ಲಿ ಅಂದೆ! ಹಗ್ಗ ಪೂರ್ತಿ ಹಿಂದೆ ಹೋಗಿ ನೆಟ್ಟಗಾಗ್ಲಿ. ಈಗ ಮುಂದೆ." ನನಗೆ ಆ ಒಂದು ಕ್ಷಣ ನಿಲ್ಲುವುದೇ ಬರುತ್ತಿರಲಿಲ್ಲ. ನನ್ನ ನೊಣ ಕಣಗಿಲೆ ಗಿಡದಲ್ಲಿ, ಬೋರೆ ಮರದಲ್ಲಿ, ಒಂದು ಸಲ ಮಾಸ್ಟ್ರ ಟೋಪಿಯಲ್ಲಿ ಸಿಕ್ಕಿಕೊಂಡಿತು. ಮೀನು ಹಿಡಿಯುವ ವಿದ್ಯೆಯಲ್ಲಿ ನಾನು ದಡ್ಡನಾಗಿಯೇ ಉಳಿದೆ. ಆದರೆ ಕೋಲು ಕೈಯಲ್ಲಿದ್ದಾಗ ಎಣಿಕೆ ಮರೆಯುತ್ತಿತ್ತು, ಅದು ನಿಜ. ಇಳಿಸಿದ ಕೂಡಲೆ ಬೆರಳುಗಳು ಮತ್ತೆ ಮಣಿಕಟ್ಟಿಗೆ ಹೋಗುತ್ತಿದ್ದವು.

ಕೆಳಗಿನ ಮಡುವಿನ ಹಿಂದೆ ಕಡಿದಾದ ಬಂಡೆ. ಅದನ್ನು ಬಳಸಿ ನಲವತ್ತು ನಿಮಿಷ ಏರಿದರೆ ಇನ್ನೊಂದು ಮಡು ಇದೆ ಎಂದು ಮಾಸ್ಟ್ರು ಹೇಳುತ್ತಿದ್ದರು. ಅಲ್ಲಿ ಬುಗ್ಗೆಯಿದೆ, ನೆರಳಿದೆ, ಯಾವ ಬೇಸಿಗೆಗೂ ಬತ್ತುವುದಿಲ್ಲ. ಆದರೆ ಮೀನಿಲ್ಲ. ಒಂದು ಕಾಲದಲ್ಲಿ ಇದ್ದವು, ದೊಡ್ಡ ಪ್ರವಾಹವೊಂದು ಗುಡಿಸಿಕೊಂಡು ಹೋಯಿತು, ಬಂಡೆ ಹತ್ತಿ ವಾಪಸು ಹೋಗಲು ಮೀನಿಗೆ ಆಗಲಿಲ್ಲ ಎಂದು ಅಜ್ಜ ಹೇಳಿದ್ದರು. ಮಂಡಿ ಹೋದ ಮೇಲೆ ಮಾಸ್ಟ್ರು ಆ ಮೇಲಿನ ಮಡುವನ್ನು ಆರು ವರ್ಷದಿಂದ ನೋಡಿರಲಿಲ್ಲ. ನಾನು ಒಂದು ದಿನವೂ ಆ ಬಂಡೆಯ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಅವರೂ ಒತ್ತಾಯಿಸಲಿಲ್ಲ.

ಆ ವರ್ಷ ಮಳೆ ಬರಲೇ ಇಲ್ಲ. ಮೇ ತಿಂಗಳಲ್ಲಿ ಹೋದಾಗ ಮಡು ನಮ್ಮ ಮನೆಯ ಹಜಾರದಷ್ಟಕ್ಕೆ ಇಳಿದಿತ್ತು. ಅಂಚಿನಲ್ಲಿ ಸತ್ತ ಮೀನುಗಳು ಒಣಗಿದ್ದವು. ಉಳಿದವು ಬಾಯಿ ಮೇಲಕ್ಕೆತ್ತಿ ಗಾಳಿಗಾಗಿ ಒದ್ದಾಡುತ್ತಿದ್ದವು. ಇನ್ನು ಹತ್ತು ದಿನ, ಅಷ್ಟೇ. ಊರಿನ ಹುಡುಗರೆಲ್ಲ ಮಸ್ಕತ್ತಿನಲ್ಲಿ, ಸೂರ್‌ನಲ್ಲಿ ಕೆಲಸದಲ್ಲಿದ್ದರು. ಮಾಸ್ಟ್ರು ಕಾರಿನಿಂದ ತಂದಿದ್ದ ಎರಡು ಲಬನ್ ಡಬ್ಬಿಗಳನ್ನು ಕೆಳಗಿಟ್ಟರು. ಮಜ್ಜಿಗೆ ಬರುವ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಗಳು, ಬಾಯಿ ಅಗಲಕ್ಕೆ ಕತ್ತರಿಸಿದ್ದವು. ಅಂದರೆ ಅವರು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದರು.

"ಇವಕ್ಕೆ ವೀಸಾ ಬದಲಿಸುದು," ಎಂದರು. "ನಾನು ಇಲ್ಲಿ ಹಿಡಿದು ಕೊಡ್ತೇನೆ. ನೀವು ಮೇಲೆ ಬಿಟ್ಟು ಬನ್ನಿ."

"ನಾನಾ?"

"ಮತ್ತೆ ಯಾರು? ನನ್ನ ಮಂಡಿ ನಿಮಗೆ ಗೊತ್ತುಂಟು."

"ಮಾಸ್ಟ್ರೇ, ನನಗೇನಾದ್ರೂ ಆದ್ರೆ?"

ಆಗ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ನಗದೆ, ಕೋಪವಿಲ್ಲದೆ ಹೇಳಿದರು. "ಆಗ್ಲೂಬಹುದು. ಇಲ್ಲ ಅಂತ ಹೇಳ್ಲಿಕ್ಕೆ ನಾನು ಡಾಕ್ಟ್ರಲ್ಲ. ಆದ್ರೆ ಡಾಕ್ಟ್ರೇ ಆಗುದಿಲ್ಲ ಅಂದಿದ್ದಾರೆ. ನೀವು ಹತ್ತದಿದ್ರೆ ಇವು ಸಾಯುದಂತೂ ಗ್ಯಾರಂಟಿ."

ಬಲೆ ಇಲ್ಲ ಎಂಬ ಅಜ್ಜನ ಮಾತಿಗೆ ಮಾಸ್ಟ್ರು ಆ ದಿನವೂ ತಪ್ಪಲಿಲ್ಲ. ಮಂಡಕ್ಕಿ ನೊಣ ಕಟ್ಟಿ ಒಂದೊಂದಾಗಿ ಎತ್ತಿದರು. ಹಸಿದ ಮೀನುಗಳು ಬೇಗ ಬಂದವು. ಒಳಮುಳ್ಳಿಲ್ಲದ ಗಾಳ, ಒದ್ದೆ ಕೈ. ಅರ್ಧ ನೀರು ತುಂಬಿದ ಡಬ್ಬಿಗೆ ಆರು ಮೀನು ಬಿದ್ದವು. ಎಲ್ಲವೂ ಮೂರು ಇಂಚಿನ ಆಸುಪಾಸು. "ನಾನು ಸೀಟಿ ಹೊಡೀತಾ ಇರ್ತೇನೆ. ನೀವು ಅಲ್ಲಿಂದ ಹೊಡೀರಿ," ಎಂದು ಕಳಿಸಿದರು.

ಹತ್ತಿದೆ. ಮೊದಲ ಎರಡು ಸೀಟಿಗೆ ಉತ್ತರ ಕೊಟ್ಟೆ. ಮೂರನೆಯದಕ್ಕೆ ಉಸಿರು ಸಾಲಲಿಲ್ಲ. ಅರ್ಧ ದಾರಿಯಲ್ಲಿ, ಇಳಿಜಾರು ಬಂಡೆಯ ಮೇಲೆ, ಎದೆ ಕಿವಿಯೊಳಗೆ ಬಡಿಯತೊಡಗಿತು. ಭಯ ಎಂದರೆ ಏನೆಂದು ಅಲ್ಲಿ ತಿಳಿಯಿತು. ಇಷ್ಟೇ, ಇಲ್ಲೇ ಮುಗಿಯಿತು ಅನ್ನಿಸಿತು. ಹೆಂಡತಿ ಈ ಹೊತ್ತಿಗೆ ಚಪಾತಿ ಲಟ್ಟಿಸುತ್ತಿರುತ್ತಾಳೆ ಎಂದು ನೆನಪಾಯಿತು. ನಾಡಿ ಹಿಡಿಯಬೇಕು. ಹಿಡಿಯಬೇಕಾದರೆ ಡಬ್ಬಿ ಕೆಳಗಿಡಬೇಕು. ಇಟ್ಟರೆ ಅದು ಜಾರಿ ಉರುಳುತ್ತದೆ, ಅಲ್ಲಿ ಅಂಗೈಯಗಲ ಸಮತಟ್ಟು ಇರಲಿಲ್ಲ. ಎರಡೂ ಕೈಯಲ್ಲಿ ಡಬ್ಬಿ ಅಪ್ಪಿಕೊಂಡು ಬಂಡೆಗೆ ಬೆನ್ನು ಕೊಟ್ಟು ನಿಂತೆ. ಒಳಗೆ ನೋಡಿದರೆ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಒಂದು ಪಕ್ಕಕ್ಕೆ ವಾಲಿತ್ತು. ನೀರು ಬಿಸಿಯಾಗುತ್ತಿತ್ತು. ಕೆಳಗಿನಿಂದ ಸೀಟಿ ಮತ್ತೆ ಬಂತು, ಇನ್ನೊಮ್ಮೆ ಬಂತು.

ಆಮೇಲೆ ನಾನು ಹೇಗೆ ಹತ್ತಿದೆನೋ ಹೇಳಲಾರೆ. ಆ ವಾಲಿದ ಮೀನಿನ ಮೇಲೆ ಕಣ್ಣಿಟ್ಟು ಹತ್ತಿದೆ ಎಂಬುದಷ್ಟೇ ಗೊತ್ತು. ಮೇಲೆ ಬಂಡೆಯ ನೆರಳಲ್ಲಿ ತಣ್ಣಗಿನ, ಆಳದ, ಕಪ್ಪು ನೀರು. ಡಬ್ಬಿಯನ್ನು ನಿಧಾನ ಬಾಗಿಸಿದೆ. ಐದು ಮೀನು ಸರ್ರನೆ ಹೋದವು. ಆರನೆಯದು ಅಂಗೈ ಮೇಲೆ ಸುಮ್ಮನೆ ನಿಂತಿತು. ಅದನ್ನು ನೀರಿನೊಳಗೆ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಕೊನೆಗೆ ಅದೂ ಒಮ್ಮೆ ಬಾಲ ಬಡಿದು ಹೋಯಿತು. ಆಗ ಗಮನಿಸಿದೆ: ನನ್ನ ಎರಡೂ ಕೈ ನೀರಿನಲ್ಲಿದ್ದವು, ನಾನು ಏನನ್ನೂ ಎಣಿಸುತ್ತಿರಲಿಲ್ಲ. ಮಗುವಿನ ಹಾಗೆ ಜೋರಾಗಿ ಅತ್ತೆ. ಅತ್ತು ಮುಗಿಸಿ ಸೀಟಿ ಹೊಡೆದೆ.

ಕೆಳಗೆ ಬಂದಾಗ ಮಾಸ್ಟ್ರ ಮುಖ ಬಿಳಚಿಕೊಂಡಿತ್ತು. ಅವರು ಎಷ್ಟು ಹೆದರಿದ್ದರು ಎಂಬುದು ಆ ಮುಖದಿಂದ ಗೊತ್ತಾಯಿತು. ಆದರೆ ಕೇಳಿದ್ದು, "ಎಷ್ಟು ಬದುಕಿದ್ವು?"

"ಆರೂ."

"ಹಾಗಾದ್ರೆ ಇನ್ನೊಂದು ಟ್ರಿಪ್. ಯಲ್ಲಾ, ಹೊರಡಿ," ಎಂದು ಎರಡನೆಯ ಡಬ್ಬಿ ಮುಂದೆ ನೂಕಿದರು.

ಆ ದಿನ ಮೂರು ಸಲ, ಮರುದಿನ ಶನಿವಾರ ಬಂದು ಮತ್ತೆ ಮೂರು ಸಲ ಹತ್ತಿದೆ. ಮನೆಗೆ ಬಂದಾಗ ಲಿಫ್ಟಿನ ಮುಂದೆ ನಿಂತ ಮಾಸ್ಟ್ರು ನನ್ನನ್ನೇ ನೋಡಿದರು. ನಾನು ಮೆಟ್ಟಿಲಿನ ಕಡೆ ತಿರುಗಿದೆ. ಬಾಗಿಲು ತೆರೆದ ಹೆಂಡತಿ, "ಲಿಫ್ಟ್ ಮತ್ತೆ ಕೆಟ್ಟೋಯ್ತಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ಒಂದು ಕ್ಷಣ ನನ್ನ ಕೈಗಳನ್ನು ನೋಡಿ, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ಮುಂದಿನ ವರ್ಷ ಮಾಸ್ಟ್ರು ಅಂಗಡಿ ಬಿಟ್ಟುಕೊಟ್ಟು ಊರಿಗೆ ಹೊರಟರು. ಮಂಡಿಯ ಜೊತೆಗೆ ಮೂತ್ರಪಿಂಡವೂ ತೊಂದರೆ ಕೊಡುತ್ತಿತ್ತು. ಬಿದಿರಿನ ಕೋಲನ್ನು ನನಗೆ ಕೊಟ್ಟರು. ಕೊರಳಿನ ಅಳತೆಪಟ್ಟಿಯನ್ನೂ ತೆಗೆದು ನನ್ನ ಕೊರಳಿಗೆ ಹಾಕಿದರು, ಮಂಡಕ್ಕಿ ನೊಣದ ಸಮೇತ. ಅಳತೆ ಪುಸ್ತಕ ಮಾತ್ರ ಕೊಡಲಿಲ್ಲ. "ಅದು ನನ್ನ ಹತ್ರ ಇರ್ಲಿ. ನೀವು ಹಿಡಿದು ಫೋನ್ ಮಾಡಿ, ನಾನು ಬರೀತೇನೆ. ಮೇಲಿನ ಮಡುವಿನದ್ದು ಮಾತ್ರ. ಕೆಳಗಿನದ್ದು ಯಾರಿಗೆ ಬೇಕು!"

ಪ್ರತಿ ಶುಕ್ರವಾರ ಸಂಜೆ ಅವರ ಫೋನು. "ಎಷ್ಟು ಇಂಚು?" ಅಷ್ಟೇ ಪ್ರಶ್ನೆ. ಪ್ರತಿ ಸಲವೂ ನನ್ನ ಉತ್ತರ ಒಂದೇ. ಮೀನು ಕಾಣುತ್ತವೆ ಮಾಸ್ಟ್ರೇ, ಮರಿಗಳೂ ಇವೆ, ಬೆಳೆದಿವೆ, ಆದರೆ ನನ್ನ ನೊಣಕ್ಕೆ ಬರುತ್ತಿಲ್ಲ. "ಹಿಂದೆ ಬೀಸಿದ ಮೇಲೆ ನಿಲ್ಲುದಿಲ್ಲ ನೀವು," ಎಂದು ಅಲ್ಲಿಂದಲೇ ಬೈಯುತ್ತಿದ್ದರು. ಹೋಗುತ್ತ ಹೋಗುತ್ತ ಅವರ ಧ್ವನಿ ತೆಳ್ಳಗಾಯಿತು. ಡಯಾಲಿಸಿಸ್ ಶುರುವಾಯಿತು ಎಂದು ಅವರ ಹೆಂಡತಿ ಹೇಳಿದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ, ಮುಖ ನೋಡಿದವನಲ್ಲ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಮೇಲಿನ ಮಡುವಿನಲ್ಲಿ ನಿಂತು ಹಿಂದಕ್ಕೆ ಬೀಸಿದೆ. ನಿಂತೆ. ಹಗ್ಗ ಹಿಂದೆ ನೆಟ್ಟಗಾದದ್ದು ಕೈಗೆ ತಿಳಿಯಿತು. ಮುಂದೆ ಬಿಟ್ಟೆ. ಮಂಡಕ್ಕಿ ನೊಣ ಸದ್ದಿಲ್ಲದೆ ನೀರಿನ ಮೇಲೆ ಕೂತಿತು. ಕಪ್ಪು ನೀರಿನಿಂದ ಒಂದು ಮೀನು ಮೇಲೆ ಬಂದು ನುಂಗಿತು. ಒದ್ದೆ ಕೈಯಲ್ಲಿ ಹಿಡಿದು, ಕೊರಳಿನ ಪಟ್ಟಿಯಿಂದ ಅಳೆದು, ಬಿಟ್ಟು, ಫೋನಿಗೆ ಸಿಗ್ನಲ್ ಸಿಗುವ ಕಣಿವೆಯ ಬಾಯಿಗೆ ಹೆಚ್ಚುಕಡಿಮೆ ಓಡಿಕೊಂಡೇ ಇಳಿದೆ. ಹೌದು, ಓಡಿಕೊಂಡು.

"ಮಾಸ್ಟ್ರೇ, ಆರೂವರೆ ಇಂಚು!"

ಆ ಕಡೆಯಿಂದ ಪ್ರಶ್ನೆ ಬಂತು, "ಬಾಲ ಸೇರಿಸಿಯಾ?"

"ಹೌದು, ಸೇರಿಸಿ."

"ಅಯ್ಯೋ ಮಾರಾಯ್ರೆ! ಇಷ್ಟು ದಿನ ನೋಡಿ ನೀವು ಕಲಿತದ್ದು ಇಷ್ಟೇಯಾ? ಕುಚ್ಚು ಸೇರಿಸಿ ಯಾರಾದ್ರೂ ದಿಶ್‌ದಾಶಾ ಅಳೀತಾರಾ? ಬಾಲ ಬಿಟ್ಟು ಅಳತೆ. ಇದನ್ನು ನಾನು ಬರೆಯುದಿಲ್ಲ. ಪುನಃ ಹತ್ತಿ, ಪುನಃ ಹಿಡೀರಿ, ಪುನಃ ಹೇಳಿ."

ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಪುನಃ ಹತ್ತಿದೆ. ಒಂದು ಶುಕ್ರವಾರ ಏನೂ ಸಿಗಲಿಲ್ಲ. ಎರಡನೆಯ ಶುಕ್ರವಾರ ಜೋರು ಗಾಳಿಗೆ ನೊಣ ನೀರಿಗೆ ಇಳಿಯಲೇ ಇಲ್ಲ. ಮೂರನೆಯದಕ್ಕೆ ಮೊದಲಿನ ಬುಧವಾರ ಅವರು ತೀರಿಕೊಂಡರು.

ಸುದ್ದಿ ಕೇಳಿ ಎರಡು ದಿನ ಏನೂ ತೋಚಲಿಲ್ಲ. ಶುಕ್ರವಾರ ಬೆಳಿಗ್ಗೆ ಹೆಂಡತಿಯೇ ಬುತ್ತಿ ಕಟ್ಟಿ, "ಹೋಗ್ಬನ್ನಿ. ಹೇಳಿದ ಕೆಲಸ ಬಾಕಿ ಇದೆಯಲ್ಲ," ಎಂದು ಕಾರಿನ ಕೀಲಿ ಕೈಗಿತ್ತಳು. ಫಲಜಿನ ಅಜ್ಜ ಮಾಸ್ಟ್ರ ಸುದ್ದಿ ಕೇಳಿ ತಮ್ಮ ಕೊರಳಿನ ಕುಚ್ಚನ್ನು ಹಿಡಿದುಕೊಂಡು ಕೂತರು. ಆ ದಿನ ಬೆರಳೆತ್ತಿ ಏನೂ ಹೇಳಲಿಲ್ಲ. ನಾನೇ ಹೇಳಿದೆ: ಶಬಕ್ ಮಾಫಿ, ಸಾಬೂನ್ ಮಾಫಿ.

ಮಧ್ಯಾಹ್ನದ ಹೊತ್ತಿಗೆ ಮೀನು ಬಂತು. ಅದೇ ಮೀನೋ ಬೇರೆಯೋ ಗೊತ್ತಿಲ್ಲ. ಪಟ್ಟಿಯನ್ನು ಎರಡು ಸಲ ಹಿಡಿದು ನೋಡಿ ಖಾತ್ರಿ ಮಾಡಿಕೊಂಡು ಬಿಟ್ಟೆ. ಕಣಿವೆಯ ಬಾಯಿಗೆ ಇಳಿದು, ಯಾಕೆ ಮಾಡುತ್ತಿದ್ದೇನೆಂದು ನನಗೇ ತಿಳಿಯದೆ, ಅವರ ನಂಬರಿಗೆ ಫೋನ್ ಮಾಡಿದೆ. ಅಕ್ಕ ಎತ್ತಿದರು. "ಅಕ್ಕಾ, ನಾನು ಒಮಾನಿಂದ..." ಎಂದು ತಡವರಿಸಿದೆ.

"ಗೊತ್ತಾಯ್ತು. ಮೈಸೂರಿನವರಲ್ವಾ?" ಎಂದರು. "ನೀವು ಒಂದು ಅಳತೆ ಹೇಳ್ತೀರಿ, ಮರೀದೆ ಪುಸ್ತಕದಲ್ಲಿ ಬರಿ ಅಂತ ಅವರು ಹೇಳಿ ಹೋಗಿದ್ದಾರೆ. ಸ್ವಲ್ಪ ನಿಲ್ಲಿ, ಪೆನ್ನು ತರ್ತೇನೆ."

ನಿಂತೆ. ಚಪ್ಪಲಿಯ ಸದ್ದು ದೂರ ಹೋಗಿ ಮತ್ತೆ ಹತ್ತಿರ ಬಂತು, ಪುಟ ತಿರುವಿದ ಸದ್ದು ಕೇಳಿತು.

"ಹಾಂ, ಹೇಳಿ."

"ಐದೂಕಾಲು," ಎಂದೆ. "ಬಾಲ ಬಿಟ್ಟು."